ಕಾಟಿಯ ಜೀವ, ಕೊಟ್ಟಿಗೆಯ ಲಸಿಕೆ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಕಾಟಿಯ, ಅಂದರೆ ಕಾಡುಕೋಣದ, ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಿಗ್ಗೆ ತೋಟಕ್ಕೆ ಇಳಿದರೆ ಬಾಳೆ ಮುರಿದಿರುತ್ತದೆ, ಎಳೆ ಅಡಿಕೆ ಸಸಿಯ ಸುಳಿ ಹೋಗಿರುತ್ತದೆ, ಕಾಲುವೆಯ ಕೆಸರಿನಲ್ಲಿ ಅಗಲವಾದ ಗೊರಸಿನ ಗುರುತು. ಗದ್ದೆಯಂಚಿನಲ್ಲಿ ಕಂಡರಂತೂ ಕಣ್ಣು ಕೀಳಲಾಗದು: ಕಪ್ಪು ಮೈ, ಎದ್ದು ನಿಂತ ಡುಬ್ಬ, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತಹ ಕಾಲು. ದೊಡ್ಡ ಗಂಡು ಒಂದು ಟನ್‌ವರೆಗೂ ತೂಗುತ್ತದೆ.

ಇಂಥ ಪ್ರಾಣಿಯನ್ನು ಹುಲಿಗಿಂತ, ಕೋವಿಗಿಂತ ಹೆಚ್ಚು ಕಾಡಿದ್ದು ನಮ್ಮ ದನಗಳ ಒಂದು ಕಾಯಿಲೆ. ಹಿರಿಯರು ಅದನ್ನು ದೊಡ್ಡರೋಗ ಎನ್ನುತ್ತಿದ್ದರು; ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್, ವೈರಸ್ಸಿನಿಂದ ಬರುವ ರೋಗ. ಜ್ವರ ಬಂದು, ಬಾಯಿ ಹುಣ್ಣಾಗಿ, ಕಣ್ಣು ಮೂಗು ಸೋರಿ, ಭೇದಿ ಹತ್ತಿತೆಂದರೆ ವಾರ ಹತ್ತು ದಿನದಲ್ಲಿ ದನ ಸಾಯುತ್ತಿತ್ತು. ಮೇಯಲು ಬಿಟ್ಟ ದನವೂ ಕಾಟಿಯೂ ಅದೇ ಹುಲ್ಲು, ಅದೇ ಹಳ್ಳದ ನೀರು. ರೋಗ ದಾಟಲು ಇನ್ನೇನು ಬೇಕು? 1968ರ ಸುಮಾರಿಗೆ ಬಂಡೀಪುರ, ಮುದುಮಲೆ ಭಾಗದಲ್ಲಿ ಕಾಟಿಗಳು ಗುಂಪುಗುಂಪಾಗಿ ಸತ್ತವು. 1980ರ ದಶಕದ ಕೊನೆಗೆ ನಮ್ಮ ಭದ್ರಾ ಕಾಡಿಗೂ ಅದೇ ಗತಿ ಬಂತು. ಕಾಟಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಕರು ಹಾಕುವ ಪ್ರಾಣಿ, ಕಳೆದುಕೊಂಡ ಹಿಂಡು ಬೇಗ ತುಂಬುವುದಿಲ್ಲ.

1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ತಡೆಯಿತು, ಸರಿ. ಆದರೆ ವೈರಸ್ಸಿಗೆ ಕಾಯ್ದೆ ತಿಳಿಯದು. ಕಾಡಿನ ಕಾಟಿಯನ್ನು ಹಿಡಿದು ಸೂಜಿ ಚುಚ್ಚಲೂ ಆಗದು. ಉಳಿದದ್ದು ಒಂದೇ ದಾರಿ, ಊರ ದನಕ್ಕೆ ಲಸಿಕೆ. 1954ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ನಾಲ್ಕು ದಶಕ ನಡೆಯಿತು. ಥರ್ಮಾಸಿನಲ್ಲಿ ಮಂಜುಗಡ್ಡೆ ಇಟ್ಟು, ಲಸಿಕೆ ಹೊತ್ತು ಮಳೆಯಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದ ಪಶುವೈದ್ಯ ಸಿಬ್ಬಂದಿಯ ಹೆಸರು ಯಾವ ಅಭಯಾರಣ್ಯದ ಫಲಕದಲ್ಲೂ ಇಲ್ಲ. ನನ್ನ ಮಟ್ಟಿಗೆ ಕಾಟಿಯನ್ನು ಉಳಿಸಿದವರಲ್ಲಿ ಅವರೇ ಮೊದಲಿಗರು. ದೇಶದಲ್ಲಿ ಈ ರೋಗದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಇದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು.

ಇನ್ನೊಂದು ಋಣವೂ ಇದೆ. 2001-02ರ ಹೊತ್ತಿಗೆ ಭದ್ರಾ ಅಭಯಾರಣ್ಯದೊಳಗಿನ 400ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವರ ಬನ ಬಿಟ್ಟು ಎಂ.ಸಿ. ಹಳ್ಳಿ, ಕೆಳಗೂರಿನ ಪುನರ್ವಸತಿ ಜಾಗಗಳಿಗೆ ಬಂದವು. ಅವರು ಬಿಟ್ಟ ಬಯಲುಗಳು ಕಾಟಿ, ಜಿಂಕೆಗಳ ಹುಲ್ಲುಗಾವಲಾದವು. ಹಾಗಾಗಿ ಇವತ್ತು ತೋಟ ಕಳೆದುಕೊಂಡವನು ಪರಿಹಾರ ಕೇಳಿದರೆ ಅವನನ್ನು ಕಾಡಿನ ವಿರೋಧಿ ಎನ್ನಬೇಡಿ. ಕಾಡಿನ ಖರ್ಚನ್ನು ಕಾಡಂಚಿನವನೊಬ್ಬನ ಮೇಲೇ ಹೊರಿಸುವುದು ಅನ್ಯಾಯ.

ದೊಡ್ಡರೋಗ ಹೋಯಿತು, ಕಾಲುಬಾಯಿ ಜ್ವರ ಇನ್ನೂ ಇದೆ. ಅದೂ ದನದಿಂದ ಕಾಟಿಗೆ ದಾಟಬಲ್ಲದು. ಆರು ತಿಂಗಳಿಗೊಮ್ಮೆ ಲಸಿಕೆಯವರು ಊರಿಗೆ ಬಂದಾಗ ಹಾಲು ಕೊಡುವ ಜರ್ಸಿಗೆ ಹಾಕಿಸಿ, ಗುಡ್ಡಕ್ಕೆ ಬಿಟ್ಟ ಮಲೆನಾಡು ಗಿಡ್ಡ ತಳಿಯ ನಾಟಿ ದನಗಳನ್ನು ಮರೆಯುತ್ತೇವೆ. ಕಾಟಿಯ ಜೊತೆ ಮೇಯುವವು ಅವೇ. ಈ ಸಲ ಹಿಂದಿನ ದಿನ ಸಂಜೆಯೇ ಗಿಡ್ಡಗಳನ್ನು ಹೊಡೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ, ಗೊಡ್ಡು ದನ, ಹೋರಿಗಳನ್ನೂ ಬಿಡದೆ.

ನಮಸ್ಕಾರ.