ಮೊದಲು ಮೈಕ್ ಯಾವುದು ಹೇಳಿ: ಮನೆ ರೆಕಾರ್ಡಿಂಗ್‌ಗೆ ಕಡಿಮೆ ಬೆಲೆಯ ಆಡಿಯೋ ಇಂಟರ್‌ಫೇಸ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಹಾಡು, ಕಥೆ, ಪಾಡ್‌ಕಾಸ್ಟ್ ರೆಕಾರ್ಡ್ ಮಾಡಬೇಕು ಎನ್ನುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. "ಸಾರ್, ಯಾವ ಇಂಟರ್‌ಫೇಸ್ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ, "ನಿಮ್ಮ ಹತ್ತಿರ ಯಾವ ಮೈಕ್ ಇದೆ?" ಕೆಲವರಿಗೆ ಬೇಜಾರಾಗುತ್ತದೆ. ಚಪ್ಪಲಿ ಅಂಗಡಿಯವನು ಕಾಲಿನ ಅಳತೆ ಕೇಳಿದರೆ ಬೇಜಾರಾಗುತ್ತೇವಾ? ಇದೂ ಹಾಗೇ.

ಮೇಜಿನ ಮೇಲಿರುವ ಈ ಡಬ್ಬ ನೋಡಿ, ಇದೇ ಇಂಟರ್‌ಫೇಸ್. ಸ್ಕೂಲ್ ಮಕ್ಕಳ ಟಿಫಿನ್ ಬಾಕ್ಸ್‌ನಷ್ಟಿದೆ. ಮೈಕ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಇದು ಮೊದಲು ಅದನ್ನು ದೊಡ್ಡದು ಮಾಡುತ್ತದೆ. ಆಮೇಲೆ ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಲ್ಯಾಪ್‌ಟಾಪ್‌ನಿಂದ ವಾಪಸ್ ಬಂದದ್ದನ್ನು ಹೆಡ್‌ಫೋನ್‌ನಲ್ಲಿ ಕೇಳಿಸುತ್ತದೆ. ಅಂಕಿಗೆ ಬದಲಿಸುವ ಕೆಲಸವನ್ನು ಈಗ ಆರೇಳು ಸಾವಿರದ ಡಬ್ಬವೂ ಚೆನ್ನಾಗಿಯೇ ಮಾಡುತ್ತದೆ. ಎಡವಟ್ಟಾಗುವುದು ದೊಡ್ಡದು ಮಾಡುವ ಕೆಲಸದಲ್ಲಿ.

ನಾನು ಎಡವಿದ್ದೂ ಅಲ್ಲೇ. ರೇಡಿಯೋದವರ ಮುಂದೆ ಇರುತ್ತದಲ್ಲ, ಆ ಥರದ ದಪ್ಪ ಡೈನಾಮಿಕ್ ಮೈಕ್ (ಹೊರಗಿನ ಕರೆಂಟ್ ಬೇಡದ, ಸಣ್ಣ ಸಿಗ್ನಲ್ ಕೊಡುವ ಜಾತಿ) ಒಂದನ್ನು ಆಸೆಪಟ್ಟು ಕೊಂಡೆ. ದುಡ್ಡೆಲ್ಲ ಮೈಕ್‌ಗೇ ಹೋಯಿತು. ಉಳಿದದ್ದರಲ್ಲಿ ಸಿಕ್ಕ ಇಂಟರ್‌ಫೇಸ್ ತಂದೆ. ಗೇನ್ ಗುಂಡಿಯನ್ನು, ಅಂದರೆ ಸಿಗ್ನಲ್ ದೊಡ್ಡದು ಮಾಡುವ ಗುಂಡಿಯನ್ನು, ಪೂರ್ತಿ ತಿರುಗಿಸಿದರೂ ನನ್ನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಸಾಫ್ಟ್‌ವೇರ್‌ನಲ್ಲಿ ಏರಿಸಿದೆ. ದನಿಯ ಜೊತೆಗೆ ‘ಸುಯ್’ ಅನ್ನುವ ಸದ್ದೂ ಏರಿತು, ಕುಕ್ಕರ್ ವಿಷಲ್‌ಗೆ ಮುಂಚೆ ಸಣ್ಣಗೆ ಆವಿ ಬಿಟ್ಟ ಹಾಗೆ. ಮೈಕ್ ಕೆಟ್ಟಿದೆ ಅಂತ ಎರಡು ವಾರ ಅಂಗಡಿಯವರ ಜೊತೆ ಜಗಳ ಆಡಿದೆ. ಪಾಪ, ಅವರದ್ದೇನೂ ತಪ್ಪಿರಲಿಲ್ಲ.

ಲೆಕ್ಕ ಹೀಗಿದೆ. ಶೂರ್ ಎಸ್‌ಎಂ7ಬಿ ಅನ್ನುವ ಹೆಸರುವಾಸಿ ಮೈಕ್‌ಗೆ ಕಡಿಮೆಯೆಂದರೂ 60 ಡೆಸಿಬೆಲ್ ಗೇನ್ ಬೇಕು ಎಂದು ಕಂಪನಿಯೇ ಹೇಳುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಅನ್ನುವ ಇಂಟರ್‌ಫೇಸ್‌ನ ಮೂರನೇ ಪೀಳಿಗೆಯಲ್ಲಿ ಇದ್ದದ್ದು 56. 2023ರಲ್ಲಿ ಬಂದ ನಾಲ್ಕನೆಯದರಲ್ಲಿ 69 ಇದೆ. ಹೊರಗಿಂದ ನೋಡಿದರೆ ಎರಡೂ ಕೆಂಪು ಡಬ್ಬಗಳೇ! ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯಾವ ಪೀಳಿಗೆಯದು ಅಂತ ಕೇಳಲೇಬೇಕು. ನಿಮ್ಮದು ಕಂಡೆನ್ಸರ್ ಮೈಕ್ ಆದರೆ ಇಷ್ಟು ತಲೆನೋವಿಲ್ಲ. ಅದು ತಾನೇ ಜೋರಾದ ಸಿಗ್ನಲ್ ಕೊಡುತ್ತದೆ, ಕಡಿಮೆ ಗೇನ್ ಸಾಕು. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸ್‌ನಿಂದ ಮೈಕ್ ಕೇಬಲ್‌ನಲ್ಲೇ ಹೋಗುವ ಕರೆಂಟ್, ಮಾತ್ರ ಬೇಕೇ ಬೇಕು. ಬಣ್ಣಬಣ್ಣದ ದೀಪ ಮಿನುಗುವ, ಚಪ್ಪಾಳೆ ಸದ್ದಿನ ಬಟನ್ ಇರುವ ಅಗ್ಗದ ಸೌಂಡ್ ಕಾರ್ಡ್‌ಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಕಡೆ ಇದೇ ಇರುವುದಿಲ್ಲ. ಚಪ್ಪಾಳೆ ಇರುತ್ತದೆ!

ಇನ್ನೊಂದು ಮೋಸ ಹೋಗುವ ಜಾಗ ಡಬ್ಬದ ಮೇಲಿನ ‘2 ಇನ್, 2 ಔಟ್’. ತಬಲಾ ನುಡಿಸುವ ಒಬ್ಬ ಗೆಳೆಯ ಇದನ್ನು ನೋಡಿ, ಬಲಗೈ ತಬಲಾಕ್ಕೆ ಒಂದು ಮೈಕ್, ಡಗ್ಗಾಕ್ಕೆ ಒಂದು ಮೈಕ್ ಅಂದುಕೊಂಡು ಕೊಂಡ. ಮನೆಗೆ ತಂದು ನೋಡಿದರೆ ಮೈಕ್ ಸಿಕ್ಕಿಸುವ ತೂತು ಒಂದೇ. ಇನ್ನೊಂದು ಗಿಟಾರ್‌ಗೆ. ಸ್ಕಾರ್ಲೆಟ್ ಸೋಲೋ, ಬೆಹ್ರಿಂಗರ್ ಯುಎಂಸಿ22 ಎರಡೂ ಇದೇ ಜಾತಿಯವು. ಒಬ್ಬರೇ ಹಾಡಲು, ಕಥೆ ಓದಲು ಧಾರಾಳ ಸಾಕು. ಎರಡು ಮೈಕ್ ಬೇಕಾದವರು 2ಐ2 ಅಥವಾ ಯುಎಂಸಿ202ಎಚ್‌ಡಿ ಕಡೆ ನೋಡಿ. ಹಾಗಂತ ಆ ಗಿಟಾರ್ ತೂತು ದಂಡ ಅಲ್ಲ. ವೀಣೆಗೆ, ಪಿಟೀಲಿಗೆ ಅಂಟಿಸಿ ನಾದ ಹಿಡಿಯುವ ಪಿಕಪ್ ಇರುವವರಿಗೆ ಅದೇ ಸರಿಯಾದ ಜಾಗ. ಕೀಬೋರ್ಡ್‌ನಂಥವುಗಳಿಗೆ ಇರುವ ಲೈನ್ ಇನ್‌ಪುಟ್‌ಗೆ ಹಾಕಿದರೆ ಅದರ ನಾದವೆಲ್ಲ ಸೊರಗಿ, ತಗಡು ಬಡಿದ ಹಾಗೆ ಕೇಳುತ್ತದೆ.

ಈಗ ಲೇಟೆನ್ಸಿ, ಅಂದರೆ ತಡ. ನಿಮ್ಮ ದನಿ ಲ್ಯಾಪ್‌ಟಾಪ್ ಒಳಗೆ ಹೋಗಿ ಹೆಡ್‌ಫೋನ್‌ಗೆ ಬರಲು ಒಂದಷ್ಟು ಹೊತ್ತು ಬೇಕು. 48 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ ದನಿಯ 48 ಸಾವಿರ ಅಳತೆ) ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಅಳತೆಗಳು, 256 ಇಟ್ಟರೆ ಹೋಗಲು 5 ಮಿಲಿಸೆಕೆಂಡ್, ಬರಲು 5, ಡ್ರೈವರ್‌ನದು (ಇಂಟರ್‌ಫೇಸನ್ನು ಲ್ಯಾಪ್‌ಟಾಪ್‌ಗೆ ಹೊಂದಿಸುವ ಸಾಫ್ಟ್‌ವೇರ್) ಮೇಲೆ ಸ್ವಲ್ಪ. ಗಾಳಿಯಲ್ಲಿ ಸದ್ದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ತಬಲಾದವರು ಮೂರೂವರೆ ಮೀಟರ್ ಆಚೆ ಕೂತ ಹಾಗೆ. ಪರವಾಗಿಲ್ಲ. ಹಳೇ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ಬಫರ್ 1024 ಬೇಕು ಅಂದರೆ ತಡ 42 ದಾಟುತ್ತದೆ. ಆಗ ತಬಲಾದವರು ಬೀದಿಯ ಆಚೆ ಮನೆಯಲ್ಲಿದ್ದಾರೆ. ತಾಳ ಹೇಗೆ ನಿಲ್ಲಬೇಕು? ಇದಕ್ಕೇ ಡೈರೆಕ್ಟ್ ಮಾನಿಟರ್ ಅನ್ನುವ ಬಟನ್. ದನಿ ಲ್ಯಾಪ್‌ಟಾಪ್ ಸುತ್ತಿ ಬರುವ ಬದಲು ಡಬ್ಬದಿಂದಲೇ ನೇರ ಕಿವಿಗೆ ಬರುತ್ತದೆ. ಈ ಬಟನ್ ಇಲ್ಲದ ಇಂಟರ್‌ಫೇಸ್ ಹಾಡುವವರಿಗೆ ಬೇಡ.

ಡ್ರೈವರ್ ವಿಚಾರ ಬೇಗ ಮುಗಿಸುತ್ತೇನೆ. ವಿಂಡೋಸ್ ಆದರೆ ಕಂಪನಿಯದೇ ಎಎಸ್‌ಐಓ ಅನ್ನುವ, ತಡ ಕಡಿಮೆ ಮಾಡುವ ಡ್ರೈವರ್ ಇದೆಯಾ, ನಿಮ್ಮ ವಿಂಡೋಸ್‌ಗೆ ಹೊಂದುತ್ತದಾ ಅಂತ ದುಡ್ಡು ಕೊಡುವ ಮೊದಲೇ ನೋಡಿ. ಮ್ಯಾಕ್‌ನವರಿಗೆ ಈ ಕಾಟ ಕಡಿಮೆ. ಯುಎಸ್‌ಬಿ ಬದಲು ಫೈರ್‌ವೈರ್ ಅನ್ನುವ ಹಳೇ ಥರದ ಕೇಬಲ್‌ನ ಇಂಟರ್‌ಫೇಸ್ ಸಸ್ತಾ ಸಿಕ್ಕಿತು ಅಂತ ತರಬೇಡಿ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಚುಚ್ಚಲು ಜಾಗವೇ ಇಲ್ಲ.

192 ಕಿಲೋಹರ್ಟ್ಜ್‌ಗೆ ಜಾಸ್ತಿ ದುಡ್ಡು ಕೊಡಬೇಕಾ ಅಂತ ಕೇಳುತ್ತಾರೆ. ಸುಮ್ನೆ ಬಿಡಿ. ಸಿಡಿಯೇ 44.1ರಲ್ಲಿ ಓಡುತ್ತದೆ. 24 ಬಿಟ್‌ನಲ್ಲಿ (ಒಂದೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯುತ್ತದೆ ಅನ್ನುವ ಲೆಕ್ಕ) ಒಂದು ಮೈಕ್ ರೆಕಾರ್ಡ್ ಮಾಡಿದರೆ 48ರಲ್ಲಿ ನಿಮಿಷಕ್ಕೆ 8.6 ಎಂಬಿ, 192ರಲ್ಲಿ ಸುಮಾರು 34.5 ಎಂಬಿ. ಹಾರ್ಡ್ ಡಿಸ್ಕ್ ತುಂಬುತ್ತದೆ, ಹಾಡು ಅಷ್ಟೇ ಇರುತ್ತದೆ. 24 ಬಿಟ್ ಮಾತ್ರ ಇರಲಿ. ಅದಿದ್ದರೆ ಗೇನ್ ಸ್ವಲ್ಪ ಕಮ್ಮಿ ಇಟ್ಟು ನೆಮ್ಮದಿಯಾಗಿ ಹಾಡಬಹುದು. ಗೇನ್ ಇಡುವಾಗ ‘ಹಲೋ, ಮೈಕ್ ಟೆಸ್ಟಿಂಗ್’ ಅಂತ ಮೆಲ್ಲಗೆ ಹೇಳಿದರೆ ಪ್ರಯೋಜನ ಇಲ್ಲ. ಮೇಲಿನ ಷಡ್ಜ ಹಿಡಿದು ಗಟ್ಟಿಯಾಗಿ ಹಾಡಿ. ಆಗ ಸಾಫ್ಟ್‌ವೇರ್‌ನ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ.

ಈಗ ಎಲ್ಲರೂ ಒಂದು ಕ್ಷಣ ಸುಮ್ಮನಿರಿ. ಸ್ಪೀಕರ್‌ನಲ್ಲಿ ‘ಗುಂಯ್’ ಅಂತ ಕೇಳುತ್ತಿದೆ ಅಲ್ವಾ? ನಾನು ಬಂದಾಗಿನಿಂದ ಇದೆ, ಬೇಕಂತಲೇ ಬಿಟ್ಟಿದ್ದೆ. ಇಂಟರ್‌ಫೇಸ್ ಸರಿಯಿಲ್ಲ ಅಂತ ವಾಪಸ್ ಮಾಡಲು ಹೊರಟವರು ಬಹಳ ಜನ. ನೋಡಿ, ಲ್ಯಾಪ್‌ಟಾಪ್‌ನ ಚಾರ್ಜರ್ ಕೀಳುತ್ತೇನೆ. ಹೋಯಿತಾ? ಸದ್ದು ಚಾರ್ಜರ್‌ನದು. ಮನೆಯ ಅರ್ಥಿಂಗ್ ಸರಿಯಿಲ್ಲದ ಕಡೆ ಇದು ಇನ್ನೂ ಜಾಸ್ತಿ. ರೆಕಾರ್ಡ್ ಮಾಡುವ ಹತ್ತು ನಿಮಿಷ ಬ್ಯಾಟರಿಯಲ್ಲಿ ಓಡಿಸಿ, ಖರ್ಚಿಲ್ಲ.

ಮೈಕ್ ತಂದವರು ಯಾರಾದರೂ ಇದ್ದೀರಾ? ಹಾಂ, ಅಕ್ಕ, ನೀವು ಬನ್ನಿ. ಇದು ಡೈನಾಮಿಕ್. ಆ ಕೇಬಲ್ ಇತ್ತ ಕೊಡಿ. ಗೇನ್ ಸೊನ್ನೆಯಲ್ಲಿಟ್ಟಿದ್ದೇನೆ. ನಿಮ್ಮ ಹಾಡಿನ ಅತಿ ಏರಿನ ಸಾಲು ಯಾವುದೋ ಅದನ್ನೇ ಹಾಡಿ.