ಮಂಜಿನೊಳಗೆ ಎರಿಚೆ, ಕೂತದ್ದಕ್ಕೆ ಎರಡೂವರೆ ಯೂರೋ

ಹಾಂ, ರೆಕಾರ್ಡ್ ಆಗ್ತಾ ಉಂಟು. ನಮಸ್ಕಾರ ಎಲ್ರಿಗೂ. ಇವತ್ತು ತ್ರಾಪನಿ, ಸಿಸಿಲಿಯ ಪಶ್ಚಿಮದ ತುದಿ. ಹಿಂದೆ ಬಿಳೀದು ದೊಡ್ಡದು ಕಾಣ್ತಾ ಉಂಟಲ್ಲ, ಅದೇ ನಾವು ಕೆಲ್ಸ ಮಾಡುವ ಕ್ರೂಸ್ ಶಿಪ್, ಹೆಸ್ರು ಬ್ಲರ್ ಮಾಡಿದ್ದೇನೆ, ಯಾಕೆ ಅಂತ ಶಿಪ್ಪಲ್ಲಿ ಕೆಲ್ಸ ಮಾಡುವವ್ರಿಗೆ ಗೊತ್ತು. ಗೆಸ್ಟ್‌ಗಳೆಲ್ಲ ಟೂರ್ ಬಸ್ ಹತ್ತಿ ಹೋಗಿ ಆಯ್ತು. ಅರ್ಧ ಕ್ರೂ ಎದುರಿನ ಕೆಫೆಯಲ್ಲಿ ಒಂದು ಕಾಫಿ ಇಟ್ಕೊಂಡು ವೈಫೈ ಹಿಡಿದು ಮನೆಗೆ ಮಾತಾಡ್ತಾ ಕೂತಿದ್ದಾರೆ. ನಾವು ನಾಲ್ಕು ಜನ, ನಾನು, ನನ್ನ ಕ್ಯಾಬಿನ್‌ಮೇಟ್ ಗೋವಾದವ, ಗ್ಯಾಲಿಯ, ಅಂದ್ರೆ ಶಿಪ್ಪಿನ ಅಡುಗೆಮನೆಯ, ಇಬ್ರು ಫಿಲಿಪೀನೋಗಳು, ಗುಡ್ಡ ಹತ್ತುವ ಅಂತ ಹೊರಟದ್ದು. ಮೂರು ಗಂಟೆಗೆ ಗ್ಯಾಂಗ್‌ವೇ, ಅಂದ್ರೆ ಶಿಪ್ ಹತ್ತುವ ಸೇತುವೆ, ಅದರ ಹತ್ರ ಇರ್ಬೇಕು, ಅದು ತಲೆಯಲ್ಲಿ ಇರ್ಲಿ.

ಇಲ್ಲಿಂದ ಗುಡ್ಡದ ಮೇಲಿನ ಎರಿಚೆ ಅಂತ ಹಳೇ ಊರಿಗೆ ಕೇಬಲ್ ಕಾರ್ ಉಂಟು, ಹತ್ತು ನಿಮಿಷದಲ್ಲಿ ತಲುಪ್ತದೆ ಅಂತ ವಾರದಿಂದ ಹೇಳಿಕೊಂಡು ಬಂದಿದ್ದೆ. ಬಂದು ನೋಡಿದ್ರೆ ಬಂದ್. ಗಾಳಿ ಅಂತೆ. ಎಲ್ಲುಂಟು ಮಾರ್ರೆ ಗಾಳಿ? ನೋಡಿ, ನನ್ನ ಕೂದಲು ಕೂಡ ಅಲ್ಲಾಡ್ತಾ ಇಲ್ಲ. ಗಾಳಿ ಮೇಲೆ ಅಂತೆ. ಸರಿ, ಬಸ್ಸಿಗೆ.

ಈ ರಸ್ತೆಯನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ, ತಿರುವುಗಳು ಜಾಸ್ತಿ, ಮತ್ತೆ ಆ ಫಿಲಿಪೀನೋ ಹುಡುಗ ಸಮುದ್ರದಲ್ಲಿ ಆರು ವರ್ಷ ಇದ್ದವ, ಅಲೆ ಜೋರಿರುವ ಬಿಸ್ಕೆ ಕೊಲ್ಲಿಯಲ್ಲೂ ವಾಂತಿ ಮಾಡದವ, ಇಲ್ಲಿ ಕಿಟಕಿಯಿಂದ ತಲೆ ತೆಗಿಲಿಲ್ಲ. ಪಾಪ.

ಇದು ಎರಿಚೆ. ಹೌದು, ವಿಡಿಯೋ ಹಾಳಾದದ್ದಲ್ಲ, ಇದು ಮಂಜು. ಕೆಳಗೆ ಬಿಸಿಲು, ಇಲ್ಲಿ 750 ಮೀಟರ್ ಮೇಲೆ ಹತ್ತು ಹೆಜ್ಜೆ ಮುಂದೆ ಹೋದವ ಕಾಣುವುದಿಲ್ಲ. ಈ ಮಂಜಿಗೆ ಇಲ್ಲಿಯವ್ರು ವೀನಸ್ ದೇವಿ ಕೊಡುವ ಮುತ್ತು ಅಂತಾರಂತೆ, ಕೊಡ್ಲಿ, ನನ್ನ ಲೆನ್ಸಿಗೆ ಯಾಕೆ ಕೊಡುದು. ಅಲ್ಲಿ ಒಂದು ದೊಡ್ಡ ಚರ್ಚ್, 1314ರಲ್ಲಿ ಕಟ್ಟಿದ್ದು, ಗಂಟೆಯ ಗೋಪುರ ಬೇರೆಯೇ ನಿಂತಿದೆ, ಅರ್ಧ ಕಾಣ್ತದೆ ಅರ್ಧ ಇಲ್ಲ. ಆದ್ರೆ ನೆಲ ನೋಡಿ, ನೆಲ ಚಂದ. ಸಣ್ಣ ಸಣ್ಣ ಕಲ್ಲು ಚೌಕ ಚೌಕ ಮಾಡಿ ಕೂರ್ಸಿದ್ದಾರೆ, ಎಲ್ಲ ಕಲ್ಲೂ ಸವೆದು ಪಾಲಿಶ್ ಆಗಿ ಹೋಗಿದೆ, ಒದ್ದೆಯಾದ್ರೆ ಜಾರ್ತದೆ, ಹವಾಯಿ ಚಪ್ಪಲಿ ಹಾಕಿ ಬರ್ಬೇಡಿ.

ತುದಿಯಲ್ಲಿ ಬಂಡೆ ಮೇಲೆ ಕೋಟೆ, ವೀನಸ್ ಕೋಟೆ. ಈಗ ಇರುವ ಗೋಡೆ ನಾರ್ಮನ್ನರು ಕಟ್ಟಿದ್ದು. ಅದಕ್ಕಿಂತ ಮೊದ್ಲು ಅದೇ ಜಾಗದಲ್ಲಿ ದೇವಿಯ ಗುಡಿ ಇತ್ತು, ಫಿನೀಷಿಯನ್ನರಿಗೆ ಅಸ್ತಾರ್ತೆ, ಗ್ರೀಕರಿಗೆ ಅಫ್ರೊಡೈಟಿ, ರೋಮನ್ನರಿಗೆ ವೀನಸ್. ಆಳುವವ್ರು ಬದಲಾದ್ರು, ದೇವಿಯ ಹೆಸ್ರು ಬದಲಾಯ್ತು, ಜಾಗ ಮಾತ್ರ ಅದೇ. ಹಡಗಿನವ್ರು ಬಂದು ಕೈಮುಗಿಯುವ ಗುಡಿ ಆಗಿತ್ತು ಇದು, ಹಾಗಾಗಿ ನಾನೂ ಮುಗ್ದೆ, ಕಾಂಟ್ರ್ಯಾಕ್ಟ್ ಮುಗಿಯುವವರೆಗೆ ಕಾಪಾಡಮ್ಮ ಅಂತ. ವ್ಯೂ? ವ್ಯೂ ಇಲ್ಲ. ಬಿಳಿ. ಇಷ್ಟು ದೂರ ಬಂದದ್ದು ದಂಡ ಅಂತ ಗೋವಾದವನ ಹತ್ರ ಹೇಳಿ ಕೂಡ ಆಯ್ತು.

ಆಮೇಲೆ ಇದು ಸಿಕ್ಕಿತು. ಜೆನೊವೇಜೆ. ಸ್ವಲ್ಪ ಹತ್ರ ತೋರಿಸ್ತೇನೆ, ಅಂಗೈಯಷ್ಟು ದೊಡ್ಡದು, ಮೇಲೆ ಸಕ್ಕರೆ ಪುಡಿ, ಹೊರಗೆ ಬಿಸ್ಕೆಟಿನ ಹಾಗೆ ಪುಡಿಪುಡಿ, ಮುರಿದ್ರೆ ಒಳಗಿಂದ ಬಿಸಿ ಕಸ್ಟರ್ಡ್ ಬರ್ತದೆ, ಅಯ್ಯೋ, ಜಾಕೆಟ್ ಮೇಲೆ ಬಿತ್ತು, ಬಿಡಿ. ತಣ್ಣಗಾದ್ಮೇಲೆ ತಿನ್ಬೇಡಿ, ಬಿಸಿ ಇರುವಾಗ್ಲೇ. ಇಲ್ಲಿಯ ಸಿಹಿತಿಂಡಿ ಎಲ್ಲ ಮೊದ್ಲು ಕಾನ್ವೆಂಟಿನ ಸಿಸ್ಟರ್ಸ್ ಮಾಡ್ತಿದ್ದದ್ದು, ಬಾದಾಮಿದು ಹೆಚ್ಚು. ಮರಿಯಾ ಗ್ರಮ್ಮಾತಿಕೊ ಅಂತ ಒಬ್ರು, ಚಿಕ್ಕವರಿರುವಾಗ ಬಡತನಕ್ಕೆ ಆ ಕಾನ್ವೆಂಟಿಗೆ ಸೇರಿದವ್ರು, ಅಲ್ಲಿ ಕೆಲಸ ಮಾಡ್ತಾ ಕಲಿತು ಹೊರಗೆ ಬಂದು ಅಂಗಡಿ ಹಾಕಿದ್ರು, ಈಗ ಎರಿಚೆ ಅಂದ್ರೆ ಆ ಅಂಗಡಿ. ಇನ್ನೊಂದು ತಗೊಂಡೆ. ದಂಡ ಅಂದದ್ದು ವಾಪಸ್.

ಇಳಿಯುವಾಗ ಒಂದು ತಿರುವು ದಾಟಿದ್ದೇ ಮಂಜು ಹೋಯ್ತು ನೋಡಿ! ಅದು ಉಪ್ಪಿನ ಗದ್ದೆ, ಆಚೆ ಕಾಣುವ ದ್ವೀಪ ಫವಿನ್ಯಾನ, ಪಕ್ಕದಲ್ಲಿ ಲೆವಾನ್ಸೊ. ಸಮುದ್ರದ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಬಿಡ್ತಾ ಬಿಡ್ತಾ ಬಿಸಿಲಿಗೆ ಒಣಗಿಸುದು, ಬಂದ ಉಪ್ಪು ರಾಶಿ ಹಾಕಿ ಅದರ ಮೇಲೆ ಹಂಚು ಹೊದಿಸ್ತಾರೆ, ಮಳೆಗೆ ಕರಗ್ಬಾರ್ದು ಅಂತ. ಮಂಗ್ಳೂರಲ್ಲಿ ಮನೆಗೇ ಹಂಚು ಹಾಕುವವ್ರು ಇಲ್ಲ, ಇಲ್ಲಿ ಉಪ್ಪಿಗೆ ಹಂಚು.

ಊಟ ಕೆಳಗೆ ಪೇಟೆಯಲ್ಲಿ. ಮೀನಿನ ಕುಸ್ಕುಸ್. ಇಟಲಿಯಲ್ಲಿ ಕುಸ್ಕುಸ್ ಯಾಕೆ ಅಂತ ಕೇಳ್ಬೇಡಿ, ಟ್ಯುನೀಷಿಯಾ ಇಲ್ಲೇ ಎದುರಿಗೆ. ರವೆಗೆ ನೀರು ಚಿಮುಕಿಸಿ ಕೈಯಲ್ಲೇ ಉಜ್ಜಿ ಉಜ್ಜಿ ಕಾಳು ಮಾಡ್ತಾರೆ, ಮತ್ತೆ ಮಣ್ಣಿನ ಪಾತ್ರೆಯಲ್ಲಿ ಹಬೆಗೆ ಇಡುದು, ಹಬೆ ಹೊರಗೆ ಹೋಗದ ಹಾಗೆ ಎರಡು ಪಾತ್ರೆ ಸೇರುವಲ್ಲಿ ಹಿಟ್ಟು ಮೆತ್ತುತ್ತಾರೆ. ಮೀನಿನ ಸಾರು ಬೇರೆ ಪಾತ್ರೆಯಲ್ಲಿ, ಬೇಕಾದಷ್ಟು ಹಾಕ್ಕೊಳ್ಳುದು. ಖಾರ ಇಲ್ಲ, ಹುಳಿ ಇಲ್ಲ, ಮೊದಲ ತುತ್ತಿಗೆ ಸಪ್ಪೆ ಅಂದೆ, ಮೂರನೇ ತುತ್ತಿಗೆ ಸಾರು ಇನ್ನಷ್ಟು ಹಾಕಿ ಅಂದೆ. ಗ್ಯಾಲಿಯವ್ರು ಮಾತೇ ಆಡ್ಲಿಲ್ಲ, ಬಗ್ಗಿ ತಿಂದದ್ದೇ ತಿಂದದ್ದು.

ಈಗ ಬಿಲ್. ಇಲ್ಲಿ ಸ್ವಲ್ಪ ಪಾಸ್ ಮಾಡ್ತೇನೆ, ಓದಿ. ಕೊಪೆರ್ತೊ, ನಾಲ್ಕು, ಹತ್ತು ಯೂರೋ. ಏನಿದು ಅಂದ್ರೆ ಕೂತದ್ದಕ್ಕೆ! ತಲೆಗೆ ಎರಡೂವರೆ. ಬ್ರೆಡ್ ಬುಟ್ಟಿ ತಂದಿಟ್ರಲ್ಲ, ಅದು ಇದ್ರಲ್ಲೇ ಬಂತಂತೆ, ಆದ್ರೆ ಬ್ರೆಡ್ ಮುಟ್ಟದಿದ್ರೂ ಕೊಡ್ಬೇಕು, ಆ ವಾಂತಿ ಹುಡುಗ ಬ್ರೆಡ್ ಮುಟ್ಲೇ ಇಲ್ಲ. ಮೆನುವಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರ್ದಿದೆ ಅಂತ ತೋರ್ಸಿದ್ರು, ಹೌದು ಬರ್ದಿದೆ, ಇರುವೆ ಓದುವಷ್ಟು. ಅದರ ಮೇಲೆ ನೀರಿಗೆ ಮೂರು ಯೂರೋ, ಬಾಟಲಿ ನೀರು, ನಲ್ಲಿ ನೀರು ಕೇಳಿದ್ರೆ ನಾವೇನೋ ಕಿಡ್ನಿ ಕೇಳಿದ ಹಾಗೆ ನೋಡುದು. ಹತ್ತು ಯೂರೋ ಅಂದ್ರೆ ಊರಲ್ಲಿ ಹತ್ರ ಹತ್ರ ಸಾವಿರ ರೂಪಾಯಿ, ಕುರ್ಚಿಗೆ! ನಾನು ದಿನಾ ಇನ್ನೂರು ಜನಕ್ಕೆ ಕುರ್ಚಿ ಎಳೆದು ಕೂರಿಸ್ತೇನೆ, ನ್ಯಾಪ್ಕಿನ್ ಮಡಿಲಿಗೆ ಹಾಕ್ತೇನೆ, ನನಗೆ ಯಾರು ಕೊಡ್ತಾರೆ ಕೊಪೆರ್ತೊ? ಗೋವಾದವ ಹೇಳ್ದ, ಇವ್ರು ಟಿಪ್ಸ್ ಬೇಕೂಂತ ಕೂರುವುದಿಲ್ಲ, ಅದಕ್ಕೆ ಇದು ಅಂತ. ಅದೂ ಸರಿಯೇ. ಟಿಪ್ಸ್ ನಂಬಿ ಬದುಕುವುದು ಎಂತ ಅವಸ್ಥೆ ಅಂತ ನಮಗೆ ಗೊತ್ತುಂಟು. ಆದ್ರೂ ನೀರಿನ ಮೂರು ಯೂರೋ ನಾನು ಒಪ್ಪುವುದಿಲ್ಲ. ಕುಸ್ಕುಸಿಗೆ ಅವ್ರು ಇನ್ನೂ ಐದು ಯೂರೋ ಜಾಸ್ತಿ ಹಾಕಿ ಬಾಕಿದ್ದೆಲ್ಲ ಫ್ರೀ ಅಂದಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ.

ಬಾದಾಮಿ ಟೊಮೆಟೊ ಹಾಕಿ ಅರೆದ ಪೆಸ್ಟೊದ ಪಾಸ್ತಾ ಇಲ್ಲಿಯ ಇನ್ನೊಂದು ಫೇಮಸ್, ಅದನ್ನು ತಿನ್ನುವಾ ಅಂತ ಇತ್ತು, ಟೈಮ್ ನೋಡಿ, ಎರಡೂ ನಲ್ವತ್ತು! ಗೋವಾದವ ಅಲ್ಲಿ ಓಡ್ತಾ ಇದ್ದಾನೆ, ಹಿಂದೆ ಕಾಣ್ತಾನಾ? ಸಂಜೆ ನನಗೆ ಡೈನಿಂಗ್ ಡ್ಯೂಟಿ, ಜಾಕೆಟಿನ ಕಸ್ಟರ್ಡ್ ಒರೆಸ್ಬೇಕು ಬೇರೆ. ನಾಳೆ ಪಲೆರ್ಮೊ, ಅಲ್ಲಿ ಬೀದಿಯಲ್ಲಿ ನಿಂತೇ ತಿನ್ನುದು, ಕುರ್ಚಿಯ ರಗಳೆ ಇಲ್ಲ. ಏ ನಿಲ್ಲೋ ಮಾರಾಯ, ನನ್ನ ಐಡಿ ಕಾರ್ಡ್ ನಿನ್ನ ಬ್ಯಾಗಲ್ಲಿ ಉಂಟು!