38 ಪೌಂಡಿನ ಬಿಲ್ಲು ಅಟ್ಟದಲ್ಲಿ ಉಂಟು

ನಮಸ್ಕಾರ ಮಾರಾಯ್ರೆ. ಇವತ್ತಿನ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಗೊತ್ತು. ಆರ್ಚರಿ ಕಲಿಯಬೇಕು ಅಂತ ಆಸೆ ಇದ್ದರೆ ಬಿಲ್ಲು ಕೊಳ್ಳಬೇಡಿ. ಕಡಿಮೆ ಅಂದರೂ ಮೂರು ತಿಂಗಳು ಕೊಳ್ಳಬೇಡಿ. ಕೊಳ್ಳದೆ ಇರಲಿಕ್ಕೇ ಆಗುವುದಿಲ್ಲ ಅಂತಾದರೆ ತೀರಾ ಹಗುರದ್ದು ಕೊಳ್ಳಿ, ಯಾರಾದರೂ ನೋಡಿದರೆ "ಇದೆಂತ ಮಕ್ಕಳದ್ದಾ?" ಅಂತ ಕೇಳುವಷ್ಟು ಹಗುರದ್ದು.

ಹೀಗೆ ಹೇಳುವ ಹಕ್ಕು ನನಗುಂಟು. ಯಾಕೆಂದರೆ ನಾನು ಸರಿಯಾಗಿ ಉಲ್ಟಾ ಮಾಡಿದವನು.

ಸಣ್ಣವನಿದ್ದಾಗ ಹಿಡಿಸೂಡಿ ಕಡ್ಡಿಯೇ ಬಾಣ, ಬಿದಿರಿನ ಸೀಳೇ ಬಿಲ್ಲು. ರಾತ್ರಿ ಯಕ್ಷಗಾನ ಆಟ ನೋಡಲಿಕ್ಕೆ ಹೋದರೆ ಅರ್ಜುನ ಬಿಲ್ಲು ಹಿಡಿದು ರಂಗಸ್ಥಳಕ್ಕೆ ಬರುವ ತನಕ ನಿದ್ದೆ ತಡೆದು ಕೂರುವುದು, ಬಂದ ಮೇಲೆ ನಿದ್ದೆ. ಆ ಹುಚ್ಚು ಮೂವತ್ತು ದಾಟಿದ ಮೇಲೆ ವಾಪಸ್ ಬಂತು. ಒಂದು ರಾತ್ರಿ ಫೋನಿನಲ್ಲಿ ನೋಡುತ್ತಾ ನೋಡುತ್ತಾ ಒಂದು ಬಿಲ್ಲು ಆರ್ಡರ್ ಮಾಡಿಬಿಟ್ಟೆ. 38 ಪೌಂಡ್. ಯಾಕೆ 38? 30, 34, 38 ಮೂರಕ್ಕೂ ಒಂದೇ ರೇಟು ಇತ್ತು. ಒಂದೇ ದುಡ್ಡಿಗೆ ದೊಡ್ಡದು ಸಿಗುವಾಗ ಸಣ್ಣದನ್ನು ಯಾರು ತಗೊಳ್ಳುತ್ತಾರೆ? ಬಂಗುಡೆ ತಗೊಂಡ ಹಾಗೆ ಬಿಲ್ಲು ತಗೊಂಡೆ.

ಈ ಪೌಂಡ್ ಅಂದರೆ ಬಿಲ್ಲಿನ ತೂಕ ಅಲ್ಲ. ಹೆದೆಯನ್ನು ಪೂರ್ತಿ ಎಳೆದು ಹಿಡಿಯುವಾಗ ನಿಮ್ಮ ಬೆರಳಿನ ಮೇಲೆ ಬೀಳುವ ಭಾರ. 38 ಪೌಂಡ್ ಅಂದರೆ ಸುಮಾರು 17 ಕಿಲೋ. ಅದನ್ನು ಮೂರು ಬೆರಳಲ್ಲಿ ಎಳೆದು, ಗಲ್ಲದ ಹತ್ತಿರ ತಂದು, ಅಲುಗಾಡದೆ ಎರಡು ಮೂರು ಸೆಕೆಂಡ್ ನಿಂತು ಬಿಡಬೇಕು. ಒಂದು ಸಲ ಯಾರು ಬೇಕಾದರೂ ಮಾಡಬಹುದು, ಅದು ದೊಡ್ಡ ವಿಷಯ ಅಲ್ಲ. ಆದರೆ ಸ್ಪರ್ಧೆಯಲ್ಲಿ ಒಂದು ರ‍್ಯಾಂಕಿಂಗ್ ರೌಂಡ್ ಅಂದರೆ 72 ಬಾಣ. 72ನ್ನು 17ರಿಂದ ಗುಣಿಸಿ ನೋಡಿ, ಒಂದು ಟನ್ನಿಗಿಂತ ಜಾಸ್ತಿ ಆಗುತ್ತದೆ. ಒಲಿಂಪಿಕ್ಸಿನಲ್ಲಿ ಬಿಡುವ ಗಂಡಸರೇ 45ರಿಂದ 50 ಪೌಂಡಿನ ಆಸುಪಾಸಿನಲ್ಲಿ ಇರುತ್ತಾರೆ, ಅದೂ ವರ್ಷಗಟ್ಟಲೆ ದಿನಕ್ಕೆ ನೂರಾರು ಬಾಣ ಬಿಟ್ಟ ಮೇಲೆ. ನಾನು ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂತು ಎದ್ದು ಬಂದವನು, ನೇರವಾಗಿ 38ಕ್ಕೆ ಕೈ ಹಾಕಿದೆ.

ಇನ್ನೊಂದು ಗುಟ್ಟುಂಟು. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚಿನ ಎಳೆತದ ಲೆಕ್ಕ. ನಿಮ್ಮ ಎಳೆತ ಎಷ್ಟು ಅಂತ ಅಂದಾಜು ಬೇಕಾದರೆ ಎರಡೂ ಕೈ ಅಗಲಿಸಿ ನಿಂತು ಬೆರಳಿನ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. ನನ್ನದು 185 ಸೆಂಟಿಮೀಟರ್. ಭಾಗಿಸಿದರೆ 74, ಅಂದರೆ 29 ಇಂಚು. ಒಂದಿಂಚು ಜಾಸ್ತಿ ಎಳೆದರೆ ಸುಮಾರು ಎರಡು ಪೌಂಡ್ ಏರುತ್ತದೆ. ಹಾಗಾಗಿ ನಾನು 38ಕ್ಕೆ ದುಡ್ಡು ಕೊಟ್ಟು 40 ಎಳೆಯುತ್ತಿದ್ದೆ. ಫ್ರೀ!

ಮಾವನ ಅಡಿಕೆ ತೋಟದಲ್ಲಿ, ಗೋಣಿಯಲ್ಲಿ ಮರಳು ತುಂಬಿಸಿಟ್ಟು, ಒಬ್ಬನೇ ಶುರು ಮಾಡಿದೆ. ಇದೂ ತಪ್ಪು. ಆ ಕಡೆ ಯಾರು ಸೊಪ್ಪು ತರಲಿಕ್ಕೆ ಬರುತ್ತಾರೆ ಅಂತ ಯಾರಿಗೆ ಗೊತ್ತು, ಈಗ ನೆನೆಸಿದರೆ ಮೈ ಝುಂ ಅನ್ನುತ್ತದೆ. ದಯವಿಟ್ಟು ಮನೆಯಂಗಳದಲ್ಲಿ, ಟೆರೇಸಿನಲ್ಲಿ, ತೋಟದಲ್ಲಿ ಬಿಡಬೇಡಿ. ಆರು ಬಾಣದಲ್ಲಿ ನಾಲ್ಕು ಮೊದಲ ದಿನವೇ ಕಳೆದವು, ಎಲ್ಲಾ ಎಡಗಡೆಗೆ. ಮೊಣಕೈ ಒಳಗೆ ಹೆದೆ ಬಡಿದು ನೀಲಿಗಟ್ಟಿತು, ಆಫೀಸಿನಲ್ಲಿ "ಎಂತ ಆಯ್ತು ಮಾರಾಯ, ಬೈಕಲ್ಲಿ ಬಿದ್ದದ್ದಾ?" ಅಂತ ಎಲ್ಲರೂ ಕೇಳುವವರೇ. ಮೂರನೇ ವಾರಕ್ಕೆ ಬಲ ಭುಜ ಎತ್ತಲಿಕ್ಕೇ ಆಗಲಿಲ್ಲ. ಡಾಕ್ಟರು ಸಿಟ್ಟಲ್ಲೇ ನೋಡಿದರು.

ಆಮೇಲೆ ಬುದ್ಧಿ ಬಂದು, ಕೇಳಿ ವಿಚಾರಿಸಿ, ಒಬ್ಬರು ಕೋಚ್ ಹತ್ತಿರ ಹೋದೆ. ನಮ್ಮ ಮಂಗಳೂರಿನಲ್ಲಿ ಕ್ರಿಕೆಟ್ ಕೋಚಿಂಗ್ ಹುಡುಕುವ ಹಾಗೆ ಇದನ್ನು ಹುಡುಕಲಿಕ್ಕೆ ಆಗುವುದಿಲ್ಲ, ನಾಲ್ಕು ಜನರನ್ನು ಕೇಳಬೇಕು. ನನ್ನ ಬಿಲ್ಲನ್ನು ಹೆಮ್ಮೆಯಿಂದ ತಗೊಂಡು ಹೋಗಿದ್ದೆ. ಅವರು ಅದನ್ನು ನೋಡಿ, ಏನೂ ಹೇಳದೆ ಗೋಡೆಗೆ ಒರಗಿಸಿ ಇಟ್ಟು, "ಕೈ ಎರಡೂ ಮುಂದೆ ಚಾಚಿ" ಅಂದರು.

ಈಗ ನೀವೂ ಮಾಡಿ, ಡ್ರೈವ್ ಮಾಡುತ್ತಾ ಕೇಳುವವರು ಬಿಟ್ಟು. ಎರಡೂ ಕೈ ಮುಂದೆ ಚಾಚಿ, ಅಂಗೈ ಹೊರಗೆ ಮಾಡಿ, ಹೆಬ್ಬೆರಳು ತೋರುಬೆರಳು ಸೇರಿಸಿ ನಡುವೆ ಒಂದು ಸಣ್ಣ ತೂತು ಮಾಡಿ. ಎರಡೂ ಕಣ್ಣು ಬಿಟ್ಟು ಆ ತೂತಿನಲ್ಲಿ ದೂರದ ಒಂದು ವಸ್ತು ನೋಡಿ, ತೆಂಗಿನ ಮರದ ತುದಿಯೋ ಗೋಡೆ ಗಡಿಯಾರವೋ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಅದು ತೂತಿನೊಳಗೇ ಇರುತ್ತದೋ ಅದು ನಿಮ್ಮ ಗುರಿಯ ಕಣ್ಣು. ನನಗೆ ಎಡಗಣ್ಣು. ಬರೆಯುವುದು, ಉಣ್ಣುವುದು, ಬೌಲಿಂಗ್ ಎಲ್ಲಾ ಬಲಗೈ, ಕಣ್ಣು ಮಾತ್ರ ಎಡ. ಬಲಗೈ ಬಿಲ್ಲಿನಲ್ಲಿ ಬಾಣದ ಹಿಂಬದಿ ಬಲಗಣ್ಣಿನ ಕೆಳಗಿರುತ್ತದೆ, ನಾನು ತುದಿಯನ್ನು ಎಡಗಣ್ಣಿನಿಂದ ಗುರಿಗೆ ಸೇರಿಸುತ್ತಿದ್ದೆ. ಹಾಗಿದ್ದರೆ ಬಾಣ ಎಡಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು? ತೋಟದಲ್ಲಿ ಕಳೆದ ನಾಲ್ಕು ಬಾಣಕ್ಕೆ ಅವತ್ತು ಕಾರಣ ಸಿಕ್ಕಿತು, ಬಾಣ ಇನ್ನೂ ಸಿಕ್ಕಿಲ್ಲ.

ಇಂಥವರು ಒಂದು ಕಣ್ಣು ಮುಚ್ಚಿಕೊಂಡು ಬಲಗೈಯಲ್ಲೇ ಮುಂದುವರಿಯಬಹುದು, ಇಲ್ಲವೇ ಎಡಗೈ ಬಿಲ್ಲಿಗೆ ಬದಲಾಗಬಹುದು. ನಾನು ಬದಲಾದೆ. ಹೊಸಬನೇ ಅಲ್ವಾ, ಮರೆಯಬೇಕಾದದ್ದು ಮೂರು ವಾರದ್ದು ಅಷ್ಟೇ. ಆದರೆ ನೋಡಿ, ಅರ್ಧ ನಿಮಿಷದ ಈ ಪರೀಕ್ಷೆ ಮೊದಲೇ ಮಾಡಿದ್ದರೆ ಎಂಟು ಸಾವಿರ ರೂಪಾಯಿ ಉಳಿಯುತ್ತಿತ್ತು. ಕೊಳ್ಳಬೇಡಿ ಅಂತ ಬೊಬ್ಬೆ ಹೊಡೆಯುವುದು ಇದಕ್ಕೇ. ಯಾವ ಕೈ, ಎಷ್ಟು ಎಳೆತ, ಎಷ್ಟು ಪೌಂಡ್, ಈ ಮೂರೂ ಗೊತ್ತಿಲ್ಲದೆ ಬಿಲ್ಲು ಕೊಳ್ಳುವುದು ಕಾಲು ಅಳೆಯದೆ ಚಪ್ಪಲಿ ಕೊಂಡ ಹಾಗೆ.

ಕೋಚ್ ಕೈಗೆ ಕೊಟ್ಟದ್ದು 18 ಪೌಂಡ್. ನಾಚಿಕೆ ಆಯಿತು, ಸುಳ್ಳು ಯಾಕೆ. ಪಕ್ಕದಲ್ಲಿ ಆರನೇ ಕ್ಲಾಸಿನ ಒಬ್ಬಳು ಹುಡುಗಿ, ಅವಳದ್ದು 20. ಐದು ಮೀಟರ್ ದೂರದಲ್ಲಿ ದಪ್ಪ ಫೋಮಿನ ಹಲಗೆ, ಅದರ ಮೇಲೆ ಗುರಿ ಹಾಳೆಯೇ ಇಲ್ಲ. ಎರಡು ವಾರ ಹಾಗೇ. ಹಾಳೆ ಇದ್ದರೆ ಕಣ್ಣು ನಡುವಿನ ಹಳದಿಗೆ ಅಂಟಿಕೊಳ್ಳುತ್ತದೆ, ಕೈ ಭುಜ ಎಂತ ಮಾಡುತ್ತಾ ಉಂಟು ಅಂತ ಗಮನವೇ ಇರುವುದಿಲ್ಲ. ಹಾಳೆ ಇಲ್ಲದಾಗ ಮೊದಲ ಸಲ ಗೊತ್ತಾಯಿತು, ನಾನು ಇಷ್ಟು ದಿನ ಎಳೆದದ್ದೆಲ್ಲ ಕೈಯಿಂದ. ಎಳೆಯಬೇಕಾದದ್ದು ಬೆನ್ನಿನಿಂದ. ಕೋಚ್ ಹಿಂದೆ ಬಂದು ಎರಡು ರೆಕ್ಕೆ ಎಲುಬಿನ ನಡುವೆ ಬೆರಳಿಟ್ಟು "ಇದನ್ನು ಹಿಂಡಿ" ಅನ್ನುತ್ತಿದ್ದರು. ಹಗುರ ಬಿಲ್ಲಿನಲ್ಲಿ ಮಾತ್ರ ಇದನ್ನು ಕಲಿಯಲಿಕ್ಕೆ ಆಗುವುದು. ಭಾರದ ಬಿಲ್ಲಿನಲ್ಲಿ ಮೈ ಹೇಗಾದರೂ ಮಾಡಿ ಎಳೆದು ಮುಗಿಸಲಿಕ್ಕೆ ನೋಡುತ್ತದೆ, ಭುಜ ಕಿವಿಗೆ ಏರುತ್ತದೆ, ಸೊಂಟ ಹಿಂದೆ ಬಾಗುತ್ತದೆ, ಆ ಚಾಳಿ ಒಮ್ಮೆ ಹತ್ತಿದರೆ ಬಿಡಿಸಲಿಕ್ಕೆ ವರ್ಷ ಬೇಕು.

ಮೊಣಕೈಗೆ ಹೆದೆ ಬಡಿಯುವುದಕ್ಕೂ ಮದ್ದುಂಟು. ಬಿಲ್ಲು ಹಿಡಿಯುವ ಕೈಯ ಅಂಗೈಯನ್ನು ಗೋಡೆಗೆ ಇಟ್ಟು ಒತ್ತಿ, ಅಂಗೈ ಅಲ್ಲೇ ಇರಲಿ, ಮೊಣಕೈ ಮಾತ್ರ ತಿರುಗಿಸಿ, ಒಳಗಿನ ಮಡಿಕೆ ಆಕಾಶ ನೋಡುತ್ತಿದ್ದರೆ ಅದು ನೆಟ್ಟಗೆ ನಿಲ್ಲುವ ಹಾಗೆ. ಇದು ಅಭ್ಯಾಸವಾದರೆ ಹೆದೆಗೆ ದಾರಿ ಆಗುತ್ತದೆ. ಆದರೂ ಆರ್ಮ್ ಗಾರ್ಡ್ ಕಟ್ಟಿಕೊಳ್ಳಿ, ಬೆರಳಿಗೆ ಚರ್ಮದ ಟ್ಯಾಬ್ ಹಾಕಿ. ಮೊದಲು ಖರ್ಚು ಮಾಡುವುದಿದ್ದರೆ ಈ ಎರಡಕ್ಕೆ ಮಾಡಿ.

ಬೆರಳು ಅಂದಾಗ ನೆನಪಾಯಿತು. ಈಗಿನ ರಿಕರ್ವ್, ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲಿನಲ್ಲಿ ಹೆದೆ ಎಳೆಯುವುದು ತೋರುಬೆರಳು, ನಡುಬೆರಳು, ಉಂಗುರ ಬೆರಳು. ಹೆಬ್ಬೆರಳು ಸುಮ್ನೆ ಅಂಗೈ ಕಡೆ ಮಡಚಿ ಕೂತಿರುತ್ತದೆ, ಕೆಲಸವೇ ಇಲ್ಲ. ದ್ರೋಣ ಈ ಕಾಲದಲ್ಲಿ ಏಕಲವ್ಯನ ಹೆಬ್ಬೆರಳು ಕೇಳಿದ್ದರೆ ಅವನು "ತಗೊಳ್ಳಿ ಸಾರ್" ಅಂತ ಕೊಟ್ಟು ಮರುದಿನ ಪ್ರಾಕ್ಟೀಸಿಗೆ ಬರುತ್ತಿದ್ದ. ಹೆಬ್ಬೆರಳಿನಿಂದ ಎಳೆಯುವ ಪದ್ಧತಿ ಬೇರೆಯೇ ಉಂಟು, ಏಷ್ಯಾದ ಹಲವು ಕಡೆ ಅದಕ್ಕೆ ಉಂಗುರ ಹಾಕಿಕೊಂಡು ಎಳೆಯುತ್ತಿದ್ದರು.

ಮತ್ತೆ ವಿಶಲ್. ನಮ್ಮ ಊರಿನವರಿಗೆ ಇಲ್ಲಿ ಒಂದು ಗೊಂದಲ ಆಗುತ್ತದೆ. ಬಸ್ಸಲ್ಲಿ ಎರಡು ವಿಶಲ್ ಕೇಳಿದರೆ "ರೈಟ್ ಪೋಯಿ", ಹೊರಡು ಅಂತ. ರೇಂಜಿನಲ್ಲಿ, ಬಾಣ ಬಿಡುವ ಜಾಗದಲ್ಲಿ, ಎರಡು ವಿಶಲ್ ಅಂದರೆ ಗೆರೆಗೆ ಬಂದು ನಿಲ್ಲು, ಅಷ್ಟೇ. ಬಿಡಲಿಕ್ಕೆ ಇನ್ನೊಂದು ಆಗಬೇಕು. ಮೂರು ಊದಿದರೆ ಹೋಗಿ ಬಾಣ ತೆಗೆಯಿರಿ. ಐದೋ ಅದಕ್ಕಿಂತ ಜಾಸ್ತಿಯೋ ಊದಿದರೆ ಏನೋ ಅಪಾಯ, ಎಳೆದಿದ್ದರೂ ಮೆಲ್ಲ ಇಳಿಸಿ ಬಾಣ ತೆಗೆದಿಡಬೇಕು. ನಾನು ಮೊದಲ ದಿನ ಎರಡಕ್ಕೇ ಬಾಣ ಏರಿಸಿ ಬೈಗುಳ ತಿಂದೆ.

ಇನ್ನೊಂದು ಬೈಗುಳ ಬಾಣ ಇಲ್ಲದೆ ಹೆದೆ ಎಳೆದು ಬಿಟ್ಟದ್ದಕ್ಕೆ. ಮನೆಗೆ ಬಂದವರೆಲ್ಲ ಬಿಲ್ಲು ಕೈಗೆ ಸಿಕ್ಕ ಕೂಡಲೇ ಮಾಡುವುದು ಅದೇ, ಟಣ್ ಅಂತ. ಎಳೆದಾಗ ಬಿಲ್ಲಿನಲ್ಲಿ ತುಂಬಿದ ಶಕ್ತಿ ಬಾಣದ ಜೊತೆ ಹೋಗಬೇಕು. ಬಾಣವೇ ಇಲ್ಲದಿದ್ದರೆ ಅದು ಬಿಲ್ಲಿಗೇ ವಾಪಸ್ ಬಡಿಯುತ್ತದೆ, ಬಿಲ್ಲು ಸೀಳಬಹುದು, ಚೂರು ಮುಖಕ್ಕೆ ಹಾರಬಹುದು. ಎಳೆದು ನೋಡಿ, ಆದರೆ ಮೆಲ್ಲ ವಾಪಸ್ ತನ್ನಿ.

ಮೂರು ತಿಂಗಳು ಕಳೆದು ಕೊಳ್ಳುವಾಗ ಟೇಕ್‌ಡೌನ್ ತಗೊಳ್ಳಿ. ಹಿಡಿಯುವ ರೈಸರ್ ಬೇರೆ, ಮೇಲೆ ಕೆಳಗಿನ ಲಿಂಬ್ ಬೇರೆ, ಬಿಚ್ಚಬಹುದು. 20ರ ಲಿಂಬ್ ಸಾಕಾದಾಗ 24, ಆಮೇಲೆ 28. ರೈಸರ್ ಅದೇ ಇರುತ್ತದೆ. ಬಾಣ ಮಾತ್ರ ಕೋಚನ್ನು ಕೇಳದೆ ತಗೊಳ್ಳಬೇಡಿ. ಬಾಣದ ಮೇಲೆ ಒಂದು ನಂಬರ್ ಇರುತ್ತದೆ, ಸ್ಪೈನ್ ಅನ್ನುತ್ತಾರೆ, ಅದು ಬಾಣ ಎಷ್ಟು ಬಾಗುತ್ತದೆ ಅನ್ನುವ ಲೆಕ್ಕ. ನಂಬರ್ ದೊಡ್ಡದಾದಷ್ಟೂ ಬಾಣ ಮೆದು, ಹಗುರ ಬಿಲ್ಲಿಗೆ ಮೆದು ಬಾಣವೇ ಬೇಕು. ಎಳೆತಕ್ಕಿಂತ ಎರಡಿಂಚು ಉದ್ದ ಇರಲಿ, ಗಿಡ್ಡವಾದರೆ ಎಳೆಯುವಾಗ ಬಾಣ ಕೂರುವ ರೆಸ್ಟಿನಿಂದ ಜಾರಿ ಕೈಗೇ ಚುಚ್ಚುತ್ತದೆ. ಮತ್ತೆ ನಮ್ಮ ಕರಾವಳಿಯ ಉಪ್ಪು ಗಾಳಿ ಗೇಟಿನ ಬೋಲ್ಟನ್ನೇ ಬಿಡುವುದಿಲ್ಲ, ಬಿಲ್ಲಿನ ಬೋಲ್ಟ್ ಬಿಡುತ್ತದಾ? ಒರೆಸಿ ಇಡಿ. ಪಣಂಬೂರಿಗೋ ಮಲ್ಪೆಗೋ ಹೋದಾಗ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಡಬೇಡಿ, ಲಿಂಬಿನ ಅಂಟು ಬಿಡುತ್ತದೆ.

ಕೆಲವರು ಕೇಳುತ್ತಾರೆ, ಚಕ್ರ ಇರುವ ಬಿಲ್ಲು ಉಂಟಲ್ಲ, ಕಾಂಪೌಂಡ್, ಅದರಲ್ಲಿ ಶುರು ಮಾಡಿದರೆ ಆಗುವುದಿಲ್ವಾ ಅಂತ. ಆಗುತ್ತದೆ. ಪೂರ್ತಿ ಎಳೆದ ಮೇಲೆ ಭಾರ ತುಂಬಾ ಇಳಿಯುತ್ತದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಬರಲಿಕ್ಕೂ ಉಂಟು. ಎರಡು ಕೈಯೂ ಇಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ, 17ನೇ ವಯಸ್ಸಿಗೆ, ಕಂಚು ಗೆದ್ದದ್ದು ಅದರಲ್ಲೇ. ಆದರೆ ಬೆಲೆ ಜಾಸ್ತಿ, ಸರಿ ಹೊಂದಿಸಲಿಕ್ಕೆ ಗೊತ್ತಿರುವವರೇ ಬೇಕು. ಆ ಕಡೆ ನಮ್ಮ ದೇಶದ ಹೆಸರಾಂತ ಬಿಲ್ಲುಗಾರ್ತಿ ದೀಪಿಕಾ ಕುಮಾರಿ ಶುರು ಮಾಡಿದ್ದು ಬಿದಿರಿನ ಬಿಲ್ಲಿನಲ್ಲಿ. ನಮ್ಮ ದೇಶದಲ್ಲಿ ಇಂಡಿಯನ್ ರೌಂಡ್ ಅಂತ ಮರ, ಬಿದಿರಿನ ಬಿಲ್ಲಿಗೇ ಬೇರೆ ಸ್ಪರ್ಧೆ ಉಂಟು, 50 ಮತ್ತು 30 ಮೀಟರಿಗೆ. ಕಡಿಮೆ ಖರ್ಚಲ್ಲಿ ಶುರು ಮಾಡುವವರು ಅದನ್ನು ಕೇಳಿ ನೋಡಿ.

ನನ್ನ ಕಥೆ ಈಗ ಎಲ್ಲಿಗೆ ಬಂದಿದೆ ಅಂದರೆ, ಎಡಗೈ ಬಿಲ್ಲು, 24 ಪೌಂಡ್, 18 ಮೀಟರ್. ಒಲಿಂಪಿಕ್ಸಿನವರದ್ದು 70 ಮೀಟರ್, ಕ್ರಿಕೆಟ್ ಪಿಚ್ಚಿನ ಮೂರೂವರೆ ಪಾಲು ದೂರ, ಅಲ್ಲಿ ಹತ್ತು ಅಂಕದ ವೃತ್ತ ಸುಲಿದ ತೆಂಗಿನಕಾಯಿಯಷ್ಟು, 12.2 ಸೆಂಟಿಮೀಟರ್. ನನಗೆ ಅದರ ಚಿಂತೆ ಇಲ್ಲ. ಮೊನ್ನೆ ಮೂರು ಬಾಣ ಕೆಳಗಿನ ಮೂಲೆಯಲ್ಲಿ, ಹೊರಗಿನ ಬಿಳಿಯಲ್ಲಿ, ಒಂದರ ಪಕ್ಕ ಒಂದು ಅಂಟಿ ನಿಂತವು. ಅಂಕ ಲೆಕ್ಕ ಹಾಕಿದರೆ ಪಾಪ ಅನ್ನಿಸಬೇಕು, ಕೋಚ್ ಮಾತ್ರ ಮೊದಲ ಸಲ ಬೆನ್ನು ತಟ್ಟಿದರು. ಒಂದೇ ತಪ್ಪನ್ನು ಮೂರು ಸಲ ಮಾಡಲಿಕ್ಕೆ ಬಂತಲ್ಲ, ಇನ್ನು ಬಿಲ್ಲಿನಲ್ಲಿ ಗುರಿ ನೋಡುವ ಸೈಟನ್ನು ಸ್ವಲ್ಪ ಸರಿಸಿದರೆ ಆಯಿತು.

ಮಳೆಗಾಲದಲ್ಲಿ ಎಂತ ಮಾಡುವುದು ಅಂತ ಕೇಳಬೇಡಿ, ಜೂನ್ ಬಂತೆಂದರೆ ಬಯಲಿನಲ್ಲಿ ಕೆಸರು ಬಿಟ್ಟರೆ ಬೇರೆ ಇಲ್ಲ. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ, ಕನ್ನಡಿ ಮುಂದೆ ನಿಂತು ಬಿಲ್ಲು ಎಳೆಯುವ ಹಾಗೆ ಎಳೆಯಿರಿ, ಮೆಲ್ಲ ವಾಪಸ್ ಬಿಡಿ. ದಿನಕ್ಕೆ ಹದಿನೈದು ನಿಮಿಷ. ಅಮ್ಮನಿಗೆ ಮಗನಿಗೆ ತಲೆ ಕೆಟ್ಟಿದೆ ಅಂತ ಅನುಮಾನ ಬಂದಿತ್ತು, ಈಗ ಅಭ್ಯಾಸ ಆಗಿದೆ.

ಆ 38 ಪೌಂಡಿನದ್ದು ಈಗಲೂ ಅಟ್ಟದಲ್ಲಿ ಉಂಟು. ಹೋದ ವಾರ ಮಾವನ ಮಗ ಬಂದಿದ್ದ, ಪಿಯುಸಿ ಓದುತ್ತಿದ್ದಾನೆ. "ಅಣ್ಣಾ, ನೀನು ಹೇಗೂ ಮುಟ್ಟುವುದಿಲ್ಲ, ನನಗೆ ಕೊಡು" ಅಂದ. ಕೈ ಮುಂದೆ ಚಾಚು ಅಂದೆ. ಬಲಗೈ, ಬಲಗಣ್ಣು, ಬಿಲ್ಲು ಅವನಿಗೇ ಮಾಡಿಸಿದ ಹಾಗೆ ಉಂಟು. ಕೊಡಲಿಲ್ಲ. ಟ್ಯೂಬ್ ಕೊಟ್ಟು ಕಳಿಸಿದೆ.